ಸಿಪ್ಪೆ ಅಂತ ಬಿಸಾಡುವ ಮುನ್ನ...

ಕಾಳಿನ ಮೈಮೇಲಿನ ತೆಳ್ಳನೆಯ ಪದರ ಕಸವಲ್ಲ, ಕಾವಲು. ಅದನ್ನು ಯಾವಾಗ ಉಳಿಸಬೇಕು, ಯಾವಾಗ ತೆಗೆಯಬೇಕು ಅನ್ನೋದು ತಿಳಿದಿದ್ದರೆ ಮನೆಮಂದಿಯ ಹೊಟ್ಟೆಗೂ ಒಳ್ಳೆಯದು, ಡಬ್ಬಿಯಲ್ಲಿರುವ ಕಾಳಿಗೂ ಒಳ್ಳೆಯದು.

ರಾತ್ರಿ ನೆನೆಹಾಕಿದ ಹೆಸರುಕಾಳನ್ನು ಬೆಳಿಗ್ಗೆ ತೊಳೆಯುವಾಗ ಹಸಿರು ಸಿಪ್ಪೆ ನೀರಿನ ಮೇಲೆ ತೇಲುತ್ತದೆ. ಆಗ ನೀವೇನು ಮಾಡ್ತೀರಿ? ಪಾತ್ರೆ ಬಗ್ಗಿಸಿ ಎಲ್ಲವನ್ನೂ ಬಚ್ಚಲಿಗೆ ಬಿಡ್ತೀರಿ ಅಲ್ವಾ? ಶೇಂಗಾ ಹುರಿದ ಮೇಲೆ ಅಂಗೈಯಲ್ಲಿ ಉಜ್ಜಿ ಉಫ್ ಅಂತ ಊದಿದರೆ ಆ ಕೆಂಪು ಸಿಪ್ಪೆಯೂ ಗಾಳಿಪಾಲು. ಕೆಲಸಕ್ಕೆ ಬಾರದ ದುಡಿಮೆಗೆ 'ಹೊಟ್ಟು ಕುಟ್ಟಿದ ಹಾಗೆ' ಅಂತ ಹೇಳುವವರು ನಾವು. ಹೊಟ್ಟಿಗೆ ನಾವು ಕೊಟ್ಟಿರುವ ಬೆಲೆ ಅಷ್ಟೇ.

ಆದರೆ ನಮ್ಮ ಚೌಡಾಪುರದ ಕಡೆಯವರಿಗೆ ಸಿಪ್ಪೆಯ ವಿಷಯ ಅಷ್ಟು ಹಗುರವಾಗಿ ಬಿಡುವಂಥದ್ದಲ್ಲ. ಗಾಣಗಾಪುರದ ದತ್ತನ ದರ್ಶನಕ್ಕೆ ಹೋಗುವವರು ಅಫಜಲಪುರ ರಸ್ತೆಯಲ್ಲಿ ಚೌಡಾಪುರಕ್ಕೆ ಬಂದೇ ತಿರುಗಬೇಕು. ಚಳಿಗಾಲದಲ್ಲಿ ಈ ಕಡೆ ಬಂದವರು ನೋಡಿರಬಹುದು, ರಸ್ತೆಯ ಎರಡೂ ಬದಿ ಕಪ್ಪು ನೆಲದಲ್ಲಿ ತೊಗರಿಯೇ ತೊಗರಿ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ 'ಗುಲ್ಬರ್ಗ ತೊಗರಿ ಬೇಳೆ' ಎಂಬ ಹೆಸರಿನಲ್ಲಿ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಆದರೆ ಹೊಲದಲ್ಲಿ ಬೆಳೆಯುವುದು ಬೇಳೆಯಲ್ಲ, ಕಾಳು. ಕಾಳು ಬೇಳೆಯಾಗಬೇಕಾದರೆ ಅದರ ಸಿಪ್ಪೆ ಕಳಚಬೇಕು. ಆ ಸಿಪ್ಪೆ ಏನು, ಅದರ ಜತೆ ನಮ್ಮ ಕೈತಪ್ಪಿ ಹೋಗುವುದೇನು ಅಂತ ಒಮ್ಮೆ ನೋಡೋಣ ಬನ್ನಿ.

ತಾಯಿ ಹೊದಿಸಿದ ಸೆರಗು

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಿ. ತೊಗರಿಕಾಯಿ ಸುಲಿದಾಗ ಸಿಗುವ ಹಸಿರು ಸಿಪ್ಪೆ ಬೇರೆ, ಒಳಗಿನ ಕಾಳಿಗೆ ಅಂಟಿಕೊಂಡಿರುವ ಸಿಪ್ಪೆ ಬೇರೆ. ಮೊದಲನೆಯದು ಕಾಯಿಯ ಗೋಡೆ. ಎರಡನೆಯದು ಬೀಜದ ಸ್ವಂತ ಕವಚ. ನಾವು ಮಾತಾಡ್ತಾ ಇರೋದು ಈ ಎರಡನೆಯದರ ಬಗ್ಗೆ.

ಹೂವಿನೊಳಗೆ ಬೀಜ ಕಟ್ಟುವಾಗ ಒಳಗಿನ ಮೊಳಕೆಗೆ ತಂದೆ, ತಾಯಿ ಇಬ್ಬರ ಗುಣವೂ ಬರುತ್ತದೆ. ಆದರೆ ಹೊರಗಿನ ಸಿಪ್ಪೆ ಮಾತ್ರ ಪೂರ್ತಿ ತಾಯಿ ಗಿಡದ್ದೇ. ತನ್ನ ಮೈಯ ಒಂದು ಪದರವನ್ನೇ ತಾಯಿ ಗಿಡ ಕೂಸಿಗೆ ಸೆರಗಿನಂತೆ ಹೊದಿಸಿ ಕಳಿಸುತ್ತದೆ. ಬಿಸಿಲು, ಮಳೆ, ಹುಳು, ಬೂಷ್ಟು ಯಾವುದೂ ಒಳಗೆ ನುಗ್ಗದಂತೆ ಅದು ತಡೆಯುತ್ತದೆ. ಸಮಯ ಬಂದಾಗ ನೀರನ್ನು ಒಳಗೆ ಬಿಡುತ್ತದೆ, ಬರದಿದ್ದರೆ ಬಿಡುವುದಿಲ್ಲ!

ಅಲಸಂದೆ ಕಾಳಿನ ನಡುವೆ ಕಣ್ಣಿನಂಥ ಗುರುತಿದೆಯಲ್ಲ, ಅದು ಕಾಳು ಕಾಯಿಗೆ ಅಂಟಿಕೊಂಡಿದ್ದ ಜಾಗ. ಒಂದು ಲೆಕ್ಕದಲ್ಲಿ ಕಾಳಿನ ಹೊಕ್ಕುಳು ಅನ್ನಿ. ಅದರ ಪಕ್ಕದಲ್ಲೇ ಸೂಜಿಮೊನೆಗಿಂತ ಸಣ್ಣ ರಂಧ್ರವಿರುತ್ತದೆ. ನೆನೆಹಾಕಿದಾಗ ಅನೇಕ ಕಾಳುಗಳಲ್ಲಿ ನೀರು ಮೊದಲು ನುಸುಳುವುದು ಈ ಭಾಗದಿಂದಲೇ.

ಎಷ್ಟು ಹೊತ್ತು ನೆನೆಸಿದರೂ ಒಂದೆರಡು ಕಾಳು ಕಲ್ಲಿನ ಹಾಗೇ ಉಳಿದು, ಊಟಕ್ಕೆ ಕೂತಾಗ ಹಲ್ಲಿಗೆ ಸಿಗುತ್ತವೆ. ಅವು ಕೆಟ್ಟ ಕಾಳುಗಳೇನಲ್ಲ. ಅವುಗಳ ಕವಚ ಇನ್ನೂ ಬಾಗಿಲು ತೆರೆದಿಲ್ಲ, ಅಷ್ಟೇ. ಕಾಡುಗಿಡಗಳಲ್ಲಿ ಇಂಥ ಕಾಳುಗಳೇ ಹೆಚ್ಚು. ಒಂದೇ ಮಳೆಗೆ ಎಲ್ಲ ಮೊಳೆತು, ಆಮೇಲೆ ಮಳೆ ಕೈಕೊಟ್ಟರೆ ವಂಶವೇ ಹೋಗುತ್ತದಲ್ಲ! ಅದಕ್ಕೇ ಕೆಲವು ಬೀಜಗಳು ಮುಂದಿನ ವರ್ಷಕ್ಕೆ ಉಳಿದುಕೊಳ್ಳುತ್ತವೆ.

ಇನ್ನೊಂದು ಸೋಜಿಗ ಕೇಳಿ. ನೀವು ಉಡುವ ಹತ್ತಿ ಸೀರೆಯ ನೂಲು ಕೂಡ ಬೀಜದ ಸಿಪ್ಪೆಯಿಂದ ಬಂದದ್ದೇ. ಹತ್ತಿಬೀಜದ ಕವಚದ ಮೇಲೆ ಬೆಳೆಯುವ ಉದ್ದನೆಯ ಕೂದಲೇ ಹತ್ತಿಯ ಎಳೆ. ದಾಳಿಂಬೆಯಲ್ಲಿ ನಾವು ಚಪ್ಪರಿಸುವ ಕೆಂಪು ರಸದ ಭಾಗವೂ ಬೀಜಕವಚದ ಹೊರಪದರವೇ. ಹಾಗಾದರೆ ಸಿಪ್ಪೆ ಕಸ ಹೇಗಾಯ್ತು ಹೇಳಿ?

ಬೀಸುವ ಕಲ್ಲಿಗೂ ಬಗ್ಗದ ತೊಗರಿ

ಕಡಲೆಯ ಸಿಪ್ಪೆ ಬೇಗ ಬಿಟ್ಟುಕೊಡುತ್ತದೆ. ತೊಗರಿಯದು ಹಟಮಾರಿ. ಸಿಪ್ಪೆಗೂ ಬೇಳೆಗೂ ನಡುವೆ ಗೋಂದಿನಂಥ ಅಂಟು ಇರುವುದೇ ಇದಕ್ಕೆ ಕಾರಣ. ನಮ್ಮ ಅಜ್ಜಿಯರ ಕಾಲದಲ್ಲಿ ಒಂದು ಚೀಲ ತೊಗರಿ ಬೇಳೆ ಮಾಡೋದು ಅಂದ್ರೆ ವಾರದ ಕೆಲಸ. ಕಾಳು ನೆನೆಸಿ, ಜರಡಿ ಹಿಡಿದ ಕೆಮ್ಮಣ್ಣು ಕಲಸಿ, ರಾತ್ರಿಯಿಡೀ ಗುಡ್ಡೆ ಹಾಕಿ ಇಡುತ್ತಿದ್ದರು. ಆಮೇಲೆ ಎರಡು ಮೂರು ದಿನ ಬಿಸಿಲಿಗೆ ಹರವಿ, ಮಣ್ಣು ಜಾಡಿಸಿ, ಬೀಸುವ ಕಲ್ಲಿಗೆ ಹಾಕಿ ಒಡೆಯುತ್ತಿದ್ದರು. ಕೊನೆಗೆ ಮೊರ ಹಿಡಿದು ಕೇರುವುದು. ಬೇಳೆ ಒಂದು ಕಡೆ, ನುಚ್ಚು ಇನ್ನೊಂದು ಕಡೆ, ಹೊಟ್ಟು ದನದ ಬುಟ್ಟಿಗೆ.

ಇದರಲ್ಲಿ ವಿಜ್ಞಾನವೇ ಇದೆ. ನೆನೆದ ಕಾಳು ಉಬ್ಬುತ್ತದೆ, ಬಿಸಿಲಿಗೆ ಒಣಗಿದಾಗ ಕುಗ್ಗುತ್ತದೆ. ಒಳಗಿನ ಬೇಳೆ, ಹೊರಗಿನ ಸಿಪ್ಪೆ ಎರಡೂ ಒಂದೇ ಅಳತೆಯಲ್ಲಿ ಕುಗ್ಗದ ಕಾರಣ ಅಂಟು ಸಡಿಲಾಗುತ್ತದೆ. ಕೆಮ್ಮಣ್ಣು ಉಜ್ಜುವ ಕೆಲಸಕ್ಕೂ ಬರುತ್ತದೆ. ಒಣ ಪದ್ಧತಿಯಲ್ಲಿ ನೀರಿನ ಬದಲು ಕಾಳಿನ ಮೈಗೆ ಗೀರು ಮಾಡಿ, ಎಣ್ಣೆ ಸವರಿ ಒಣಗಿಸುತ್ತಾರೆ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಸಿಎಫ್‌ಟಿಆರ್‌ಐ ಸಂಸ್ಥೆ ಬಿಸಿಲನ್ನು ನಂಬಿ ಕೂರದೆ, ಬಿಸಿಗಾಳಿಯಿಂದಲೇ ಸಿಪ್ಪೆ ಸಡಿಲಿಸುವ ವಿಧಾನವನ್ನು ರೂಪಿಸಿತು. ಹಳ್ಳಿಗಳಿಗೆ ಹೊಂದುವ ಸಣ್ಣ ಬೇಳೆ ಯಂತ್ರವನ್ನೂ ಕೊಟ್ಟಿತು.

ನೂರು ಕೆ.ಜಿ. ತೊಗರಿಯಲ್ಲಿ ಸಿಪ್ಪೆಯ ಪಾಲು ಹದಿನಾಲ್ಕು ಕೆ.ಜಿ. ಆಸುಪಾಸು. ಅಂದರೆ ಲೆಕ್ಕಕ್ಕೆ 85 ಕೆ.ಜಿ.ಯಷ್ಟು ಬೇಳೆ ಬರಬೇಕು. ಹಳೆಯ ವಿಧಾನಗಳಲ್ಲಿ ಬರುವುದು 70ರಿಂದ 75 ಕೆ.ಜಿ. ಮಾತ್ರ. ಮಿಕ್ಕದ್ದು ನುಚ್ಚು, ಪುಡಿಯಾಗಿ ಹೊಟ್ಟಿನ ಜತೆ ಸೇರುತ್ತದೆ. ಸಿಪ್ಪೆ ತೆಗೆಯುವ ಭರದಲ್ಲಿ ಬೇಳೆಯ ಹೊರಪದರವೂ ತುಸು ಸವೆಯುತ್ತದೆ. ಅಂಗಡಿಯಲ್ಲಿ ಫಳಫಳ ಹೊಳೆಯುವ ಪಾಲಿಶ್ ಬೇಳೆ ನೋಡಿ ಮರುಳಾಗಬೇಡಿ. ಹೊಳಪು ಜಾಸ್ತಿ ಅಂದ ಮಾತ್ರಕ್ಕೆ ಸತ್ವ ಜಾಸ್ತಿ ಅಂತ ಅರ್ಥವಲ್ಲ.

ಹೊಟ್ಟಿನ ಜತೆ ಹೋಗುವುದೇನು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರಗಳ ಪಟ್ಟಿಯ ಪ್ರಕಾರ, 100 ಗ್ರಾಂ ಇಡೀ ತೊಗರಿಕಾಳಿನಲ್ಲಿ ಸುಮಾರು 22 ಗ್ರಾಂ ನಾರಿನಂಶ ಇರುತ್ತದೆ. ಅದೇ ತೊಗರಿ ಬೇಳೆಯಾದಾಗ ಉಳಿಯುವುದು ಸುಮಾರು 9 ಗ್ರಾಂ! ಹೆಸರುಕಾಳಿನಲ್ಲಿ 17 ಇದ್ದದ್ದು ಹೆಸರುಬೇಳೆಯಲ್ಲಿ 9ಕ್ಕೆ ಇಳಿಯುತ್ತದೆ. ಕ್ಯಾಲ್ಸಿಯಂ ಕಥೆಯೂ ಹೀಗೇ. ಇಡೀ ಕಡಲೆಯಲ್ಲಿ ಇರುವ ಕ್ಯಾಲ್ಸಿಯಂ ಕಡಲೆಬೇಳೆಯಲ್ಲಿ ಇರುವುದರ ಸುಮಾರು ಮೂರು ಪಟ್ಟು.

ಹಾಗಂತ ಬೇಳೆ ಬೇಡ ಅನ್ನಬೇಡಿ. ಬೇಳೆಯ ಪ್ರೊಟೀನು ಎಲ್ಲೂ ಹೋಗಿರುವುದಿಲ್ಲ, ಅದು ಬೇಗ ಬೇಯುತ್ತದೆ, ಸುಲಭವಾಗಿ ಜೀರ್ಣವಾಗುತ್ತದೆ. ಆದರೆ ಬೆಳಿಗ್ಗೆ ಬಿಳಿ ಅನ್ನ, ಮಧ್ಯಾಹ್ನ ಬೇಳೆ ಸಾರು, ಸಂಜೆ ಮೈದಾ ಬಿಸ್ಕತ್ತು ಅಂತ ದಿನವಿಡೀ ಸಿಪ್ಪೆ ತೆಗೆದದ್ದನ್ನೇ ತಿಂದರೆ ಹೊಟ್ಟೆಗೆ ನಾರು ಬರುವುದಾದರೂ ಎಲ್ಲಿಂದ? ಮಲಬದ್ಧತೆ ಅಂತ ಹೇಳಿಕೊಳ್ಳಲು ನಾಚಿ ವರ್ಷಗಟ್ಟಲೆ ಒದ್ದಾಡುವ ಹೆಣ್ಣುಮಕ್ಕಳು ಎಷ್ಟಿಲ್ಲ? ಊಟವಾದ ಕೂಡಲೇ ರಕ್ತದಲ್ಲಿ ಸಕ್ಕರೆ ಸರ್ರನೆ ಏರದಂತೆ ತಡೆಯುವುದರಲ್ಲೂ ನಾರಿನ ಪಾತ್ರವಿದೆ.

ಸಿಪ್ಪೆಯ ಬೆಲೆ ಜಗತ್ತಿಗೆ ಗೊತ್ತಾದದ್ದೂ ಒಂದು ಕಾಯಿಲೆಯಿಂದ. 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್, ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲಿನ ಸ್ವಾಧೀನ ತಪ್ಪುವುದನ್ನೂ, ಪಾಲಿಶ್ ಮಾಡದ ಅಕ್ಕಿ ಕೊಟ್ಟಾಗ ಚೇತರಿಸಿಕೊಳ್ಳುವುದನ್ನೂ ಗಮನಿಸಿದರು. ಮನುಷ್ಯರಲ್ಲಿ ಅದೇ ಬೆರಿಬೆರಿ ರೋಗ. ಅಕ್ಕಿಯ ತೌಡಿನಲ್ಲಿ ಹೋಗುತ್ತಿದ್ದ ಆ ಸತ್ವವೇ ಬಿ1 ಜೀವಸತ್ವ ಅಂತ ಆಮೇಲೆ ತಿಳಿಯಿತು. ಐಕ್‌ಮನ್ ಅವರಿಗೆ 1929ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಅಕ್ಕಿ, ಜೋಳ, ಗೋಧಿಯಲ್ಲಿ ಬೀಜದ ಸಿಪ್ಪೆ ಕಾಯಿಯ ಗೋಡೆಯ ಜತೆ ಬೆಸೆದುಕೊಂಡಿರುತ್ತದೆ. ನಾವು ತೌಡು ಅನ್ನುವುದರಲ್ಲಿ ಇವೆರಡೂ ಸೇರಿರುತ್ತವೆ.

ಈ ವಿಷಯದಲ್ಲಿ ನಮ್ಮ ಜೋಳದ ರೊಟ್ಟಿಗೆ ಒಂದು ಶಹಬ್ಬಾಸ್ ಹೇಳಲೇಬೇಕು. ಇಡೀ ಕಾಳು ಬೀಸಿದ ಹಿಟ್ಟಿನ ರೊಟ್ಟಿ ತಿನ್ನುವವರು ಹೊಟ್ಟನ್ನು ಬಿಸಾಡಿಯೇ ಇಲ್ಲ! ರೊಟ್ಟಿ ಬೆಳ್ಳಗಾಗಲಿ ಅಂತ ತೀರಾ ಸಣ್ಣ ಜರಡಿ ಹಿಡಿಯದಿದ್ದರೆ ಆಯ್ತು. ರಾಗಿಯೂ ಹಾಗೇ. ಅದರ ಸಿಪ್ಪೆ ಅಷ್ಟು ಬಿಗಿ, ಒಳಗಿನ ತಿರುಳು ಅಷ್ಟು ಮೆತ್ತಗೆ. ಹೀಗಾಗಿ ನಮ್ಮವರು ಅದನ್ನು ಸಿಪ್ಪೆ ಸಮೇತವೇ ಬೀಸಿಕೊಂಡು ಬಂದರು. ರಾಗಿಯ ಹೆಸರುವಾಸಿ ಕ್ಯಾಲ್ಸಿಯಂ ಮುದ್ದೆಗೆ ಬಂದದ್ದೂ ಹೀಗೆಯೇ.

ಸಿಪ್ಪೆಗೂ ಒಂದು ಕೊಂಕು ಇದೆ

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಹುಳು, ಪ್ರಾಣಿಗಳು ತಿನ್ನದಿರಲಿ ಅಂತ ಗಿಡ ತನ್ನ ಬೀಜದ ಸಿಪ್ಪೆಯಲ್ಲಿ ಟ್ಯಾನಿನ್ ಎಂಬ ಒಗರು ಅಂಶ ತುಂಬಿಟ್ಟಿರುತ್ತದೆ. ಕೆಂಪು, ಕಂದು, ಕಪ್ಪು ಕಾಳುಗಳಲ್ಲಿ ಇದು ಸಾಮಾನ್ಯವಾಗಿ ಹೆಚ್ಚು. ಟ್ಯಾನಿನ್ ನಮ್ಮ ಊಟದ ಕಬ್ಬಿಣಾಂಶವನ್ನು ಹಿಡಿದುಕೊಂಡು ಮೈಗೆ ಸೇರದಂತೆ ಮಾಡುತ್ತದೆ.

ಇದು ಸಣ್ಣ ಮಾತಲ್ಲ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅಂದರೆ ನೀರಿಗೆ ನಿಂತ ಇಬ್ಬರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ! ಹಾಗಾದರೆ ಸಿಪ್ಪೆ ತಿನ್ನಬೇಕೋ ಬಿಡಬೇಕೋ? ತಿನ್ನಿ, ಆದರೆ ಅದನ್ನು ಪಳಗಿಸಿ ತಿನ್ನಿ.

* ಕಾಳನ್ನು ಎಂಟು ಗಂಟೆಯಾದರೂ ನೆನೆಸಿ, ಆ ನೀರು ಚೆಲ್ಲಿ. ಒಗರು ಬಹಳಷ್ಟು ಕಡಿಮೆಯಾಗುತ್ತದೆ. ಹೊಟ್ಟೆಯಲ್ಲಿ ಗ್ಯಾಸ್ ಮಾಡುವ ಅಂಶವೂ ಇಳಿಯುತ್ತದೆ.
* ಬೇಸಿಗೆಯಲ್ಲಿ ನಮ್ಮ ಕಡೆಯ ಬಿಸಿಲಿಗೆ ನೆನೆಹಾಕಿದ ನೀರು ಬೇಗ ಹುಳಿ ವಾಸನೆ ಹಿಡಿಯುತ್ತದೆ. ನಡುವೆ ಒಂದೆರಡು ಸಲ ನೀರು ಬದಲಿಸಿ.
* ಸಾಧ್ಯವಾದರೆ ಮೊಳಕೆ ಕಟ್ಟಿ. ಮಡಕಿ, ಹೆಸರು ಒಂದು ದಿನಕ್ಕೆ ಮೊಳೆಯುತ್ತವೆ. ಮೊಳಕೆಯಲ್ಲಿ ಸಿ ಜೀವಸತ್ವ ಹೆಚ್ಚುತ್ತದೆ, ಕಬ್ಬಿಣ ಹೀರುವುದೂ ಸುಲಭವಾಗುತ್ತದೆ.
* ಉಸಳಿ ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ. ರುಚಿಗಷ್ಟೇ ಅಲ್ಲ, ಕಬ್ಬಿಣಾಂಶ ಮೈಗೆ ಹತ್ತಲಿಕ್ಕೂ ಅದು ಬೇಕು.
* ಊಟ, ನಾಷ್ಟಾದ ಜತೆಗೇ ಚಹಾ ಬೇಡ. ಅದರಲ್ಲೂ ಟ್ಯಾನಿನ್ ಇದೆ. ಒಂದು ತಾಸು ಬಿಟ್ಟು ಕುಡಿಯಿರಿ.

ಒಂದು ಮಾತು ನೆನಪಿಡಿ. ರಕ್ತ ಕಡಿಮೆ ಇದೆ ಅಂತ ಡಾಕ್ಟರು ಮಾತ್ರೆ ಕೊಟ್ಟಿದ್ದರೆ ಅದನ್ನು ಬಿಟ್ಟು ಬರೀ ಉಸಳಿ ನಂಬಿ ಕೂರಬೇಡಿ. ಮಾತ್ರೆಯ ಕೆಲಸ ಮಾತ್ರೆಗೆ, ಕಾಳಿನ ಕೆಲಸ ಕಾಳಿಗೆ.

ಕಾಳು ಬೇಯುತ್ತಲೇ ಇಲ್ವಾ?

'ಇಡೀ ಕಾಳು ಅಂದ್ರೆ ಗ್ಯಾಸ್ ಖರ್ಚು' ಅಂತ ಅನೇಕರು ಬೇಜಾರು ಮಾಡಿಕೊಳ್ತಾರೆ. ಎಷ್ಟೋ ಸಲ ತಪ್ಪು ಕಾಳಿನದ್ದಲ್ಲ, ನೀರಿನದ್ದು. ಬೋರ್‌ವೆಲ್‌ನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಕಾಳನ್ನು ಮೆತ್ತಗಾಗಲು ಬಿಡುವುದಿಲ್ಲ. ಕುಡಿಯಲು ಇಟ್ಟ ಫಿಲ್ಟರ್ ನೀರು ಅಥವಾ ಕುದಿಸಿ ಆರಿಸಿ, ತಿಳಿಯಾದ ಮೇಲೆ ಬಸಿದ ನೀರು ಹಾಕಿ ನೋಡಿ, ವ್ಯತ್ಯಾಸ ನಿಮಗೇ ತಿಳಿಯುತ್ತದೆ. ನೆನೆಸುವ ನೀರಿಗೆ ಚಿಟಿಕೆ ಉಪ್ಪು ಹಾಕಿದರೆ ಸಿಪ್ಪೆ ಮೆತ್ತಗಾಗುತ್ತದೆ. ಹುಣಸೆಹುಳಿ, ಟೊಮೆಟೊ, ಪುಂಡಿಸೊಪ್ಪು ಇಂಥ ಹುಳಿ ಪದಾರ್ಥಗಳನ್ನು ಕಾಳು ಬೆಂದ ಮೇಲೆಯೇ ಹಾಕಿ. ಮೊದಲೇ ಹಾಕಿದರೆ ಸಿಪ್ಪೆ ಬಿಗಿಯುತ್ತದೆ. ಬೇಗ ಬೇಯಲಿ ಅಂತ ಸೋಡಾ ಹಾಕುವ ರೂಢಿ ಬೇಡ. ಕಾಳು ಮೆತ್ತಗಾಗುವುದೇನೋ ನಿಜ, ಆದರೆ ಬಿ1 ಜೀವಸತ್ವ ನಾಶವಾಗುತ್ತದೆ.

ಸಿಪ್ಪೆ ಉಳಿಸುವುದೋ, ತೆಗೆಯುವುದೋ?

ತೊಗರಿ: ಎಳ್ಳ ಅಮಾವಾಸ್ಯೆ ಹೊತ್ತಿಗೆ ಸಿಗುವ ಹಸಿ ತೊಗರಿಯ ಸಿಪ್ಪೆ ಎಳಸು, ಭಜ್ಜಿಗೆ ಹಾಗೇ ಹಾಕುತ್ತೇವೆ. ಒಣಗಿದ ಮೇಲೂ ವಾರಕ್ಕೊಮ್ಮೆ ನೆನೆಸಿ ಗುಗ್ಗರಿ ಮಾಡಿ.

ಹೆಸರು, ಮಡಕಿ, ಅಲಸಂದೆ, ಕಡಲೆ: ಸಿಪ್ಪೆ ಸಮೇತ ಉಸಳಿ, ಪಲ್ಯ. ದೋಸೆಗೆ ನೆನೆಸುವಾಗ ಸಿಪ್ಪೆಯಿರುವ ಹೆಸರುಕಾಳನ್ನೇ ರುಬ್ಬಬಹುದು.

ಅವರೆ: ಮೈಸೂರು, ಬೆಂಗಳೂರಿನ ಕಡೆ ನೆನೆಸಿದ ಅವರೆಯನ್ನು ಒಂದೊಂದಾಗಿ ಹಿಸುಕಿ ಸಿಪ್ಪೆ ಬಿಡಿಸುತ್ತಾರೆ. ಹಿತಕಿದಬೇಳೆ ಸಾರಿನ ರುಚಿ ಇರುವುದೇ ಅಲ್ಲಿ. ಹಬ್ಬಕ್ಕೆ ಹಿಸುಕಿ, ಉಳಿದ ದಿನ ಹಾಗೇ ಬೇಯಿಸಿ. ಬಿಡಿಸಿದ ಸಿಪ್ಪೆ ದನಕ್ಕೆ ಇಲ್ಲವೇ ಗೊಬ್ಬರದ ಗುಂಡಿಗೆ ಹೋಗಲಿ.

ಶೇಂಗಾ: ಹಿಂಡಿ ಕುಟ್ಟುವಾಗ ಕೆಂಪು ಸಿಪ್ಪೆ ಇದ್ದರೇ ಒಳ್ಳೆಯದು. ಹೋಳಿಗೆ, ಉಂಡಿಗೆ ಬೇಕಾದರೆ ತೆಗೆಯಿರಿ. ಆದರೆ ಸಿಪ್ಪೆ ಕಪ್ಪಾದ, ಸುಕ್ಕುಗಟ್ಟಿದ, ಬೂಷ್ಟು ಹಿಡಿದ ಕಾಳನ್ನು ಮುಲಾಜಿಲ್ಲದೆ ಎಸೆಯಿರಿ. ಆ ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ, ಅದು ಯಕೃತ್ತಿಗೆ ಕೆಟ್ಟದ್ದು.

ಅಗಸೆ: ಇದರ ಕವಚ ನುಣುಪು, ಗಟ್ಟಿ. ಅಗಿಯದೆ ನುಂಗಿದರೆ ಬಂದ ದಾರಿಯಲ್ಲೇ ಹೋಗುತ್ತದೆ. ನಮ್ಮವರು ಹುರಿದು ಹಿಂಡಿ ಕುಟ್ಟಿದ್ದು ಅದಕ್ಕೇ ಸರಿ. ಕವಚ ಒಡೆದ ಮೇಲೆ ಒಳಗಿನ ಎಣ್ಣೆ ಗಾಳಿಗೆ ಬೇಗ ಕಮಟುತ್ತದೆ. ಆದ್ದರಿಂದ ಒಂದೆರಡು ವಾರಕ್ಕೆ ಸಾಕಾಗುವಷ್ಟೇ ಕುಟ್ಟಿ.

ಎಳ್ಳು: ಕ್ಯಾಲ್ಸಿಯಂ ಬಹುಪಾಲು ಸಿಪ್ಪೆಯಲ್ಲೇ ಇದ್ದರೂ ಆಕ್ಸಲೇಟ್ ಜತೆ ಸೇರಿಕೊಂಡಿರುವುದರಿಂದ ಪೂರ್ತಿ ಮೈಗೆ ಹತ್ತುವುದಿಲ್ಲ. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇರುವವರು ಸಿಪ್ಪೆ ತೆಗೆದ ಬಿಳಿ ಎಳ್ಳು ಬಳಸುವುದು ಲೇಸು.

ಇಸಬ್‌ಗೋಲ್: ಔಷಧದಂಗಡಿಯಲ್ಲಿ ಸಿಗುವ ಇದು ಪೂರ್ತಿ ಬೀಜದ ಸಿಪ್ಪೆಯೇ! ನೀರು ಕುಡಿದು ಲೋಳೆಯಾಗಿ ಉಬ್ಬುತ್ತದೆ. ಹಾಗಾಗಿ ಒಂದು ದೊಡ್ಡ ಲೋಟ ನೀರಿನ ಜತೆಯೇ ತೆಗೆದುಕೊಳ್ಳಬೇಕು. ಒಣ ಪುಡಿ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ.

ಡಬ್ಬಿಯೊಳಗಿನ ಕಾವಲು

ಹೆಸರು, ಅಲಸಂದೆ, ತೊಗರಿ ಕಾಳಿನ ಮೇಲೆ ಬಿಳಿ ಚುಕ್ಕೆ ಕಂಡಿದ್ದೀರಾ? ಅವು ಕಾಳಿನ ಹುಳದ ಮೊಟ್ಟೆಗಳು. ತಾಯಿಹುಳು ಮೊಟ್ಟೆಯನ್ನು ಸಿಪ್ಪೆಗೆ ಅಂಟಿಸುತ್ತದೆ. ಮರಿ ಸಿಪ್ಪೆ ಕೊರೆದು ಒಳಗೆ ಹೋಗಿ, ತಿಂದು ಬೆಳೆದು, ದುಂಡನೆಯ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಒಡೆದ ಬೇಳೆಗೆ ಈ ಹುಳದ ಕಾಟ ಕಡಿಮೆ. ಇಡೀ ಕಾಳು ಇಡುವವರು ಹೀಗೆ ಮಾಡಿ:

* ಕಾಳನ್ನು ಕಟಕ್ ಅನ್ನುವ ಹಾಗೆ ಬಿಸಿಲಿಗೆ ಒಣಗಿಸಿ, ಪೂರ್ತಿ ಆರಿದ ಮೇಲೆ ತುಂಬಿ.
* ಒಂದು ಕೆ.ಜಿ. ಕಾಳಿಗೆ ಒಂದು ಚಹಾ ಚಮಚದಷ್ಟು ಅಡುಗೆ ಎಣ್ಣೆ ಹಾಕಿ, ಎಲ್ಲ ಕಾಳಿಗೂ ಹತ್ತುವಂತೆ ಉಜ್ಜಿ. ಎಣ್ಣೆ ಸವರಿದ ಕಾಳಿನ ಮೇಲೆ ಮೊಟ್ಟೆ ಉಳಿಯುವುದು ಕಷ್ಟ. ತೊಳೆದರೆ ಎಣ್ಣೆ ಹೋಗುತ್ತದೆ.
* ಗಾಳಿಯಾಡದ ಡಬ್ಬಿಯಲ್ಲಿ, ಬಾಯಿತನಕ ತುಂಬಿಡಿ.
* ಶೇಂಗಾವನ್ನು ಆದಷ್ಟು ಕಾಯಿ ಸಮೇತವೇ ಇಡಿ. ಬೇಕಾದಾಗ ಒಡೆಯಿರಿ. ಕೆಂಪು ಸಿಪ್ಪೆ ಹರಿದ ಕಾಳಿಗೆ ಬೂಷ್ಟು ಬೇಗ ಹತ್ತುತ್ತದೆ.

ಇವರು ಸ್ವಲ್ಪ ಜೋಪಾನ

ಆರು ತಿಂಗಳು ತುಂಬಿ ಆಗಷ್ಟೇ ಊಟ ಕಲಿಯುತ್ತಿರುವ ಕೂಸಿಗೆ ಸಿಪ್ಪೆ ತೆಗೆದ ಹೆಸರುಬೇಳೆಯೇ ಸರಿ. ಪುಟ್ಟ ಮಕ್ಕಳ ಕೈಗೆ ಇಡೀ ಶೇಂಗಾ, ಕಡಲೆ ಕೊಡಬೇಡಿ, ಉಸಿರುನಾಳಕ್ಕೆ ಜಾರುವ ಭಯವಿದೆ. ಹೊಟ್ಟೆಯ ಆಪರೇಷನ್ ಆದವರು, ಭೇದಿಯಾಗುತ್ತಿರುವವರು, ಮೂತ್ರಪಿಂಡದ ಕಾಯಿಲೆಯವರು ಡಾಕ್ಟರನ್ನು ಕೇಳಿಯೇ ಇಡೀ ಕಾಳು ತಿನ್ನಿ. ಇಷ್ಟು ದಿನ ರೂಢಿಯಿಲ್ಲದವರು ಒಮ್ಮೆಲೇ ಬಟ್ಟಲುಗಟ್ಟಲೆ ತಿಂದರೆ ಹೊಟ್ಟೆ ಉಬ್ಬರಿಸುತ್ತದೆ. ವಾರಕ್ಕೆರಡು ದಿನದಿಂದ ಶುರು ಮಾಡಿ, ಜತೆಗೆ ನೀರು ಚೆನ್ನಾಗಿ ಕುಡಿಯಿರಿ.

ನಿಮ್ಮ ತಟ್ಟೆಗೂ ಇರಲಿ

ಕೊನೆಯದಾಗಿ ಒಂದು ಮಾತು. ಸಾರಿನ ಪಾತ್ರೆಯಲ್ಲಿ ತಳದ ಬೇಳೆಯೆಲ್ಲ ಗಂಡ, ಮಕ್ಕಳ ತಟ್ಟೆಗೆ ಬೀಳುತ್ತದೆ. ಎಲ್ಲರದೂ ಆದ ಮೇಲೆ ಕೂರುವ ನಮಗೆ ಮೇಲಿನ ತಿಳಿ. ಇದು ನಿಮ್ಮ ಮನೆಯ ಕಥೆಯೂ ಹೌದು ತಾನೇ? ಕಾಳಿನ ಉಸಳಿಯಲ್ಲಿ ಹೀಗೆ ತಿಳಿ, ಗಟ್ಟಿ ಅಂತ ಭೇದ ಮಾಡಲು ಬರುವುದಿಲ್ಲ. ಸೌಟಿಗೆ ಬಂದದ್ದೆಲ್ಲ ಕಾಳೇ. ನಾಳೆ ಉಸಳಿ ಮಾಡಿದಾಗ ಎಲ್ಲರಿಗೂ ಬಡಿಸುವ ಮುಂಚೆಯೇ ಒಂದು ಬಟ್ಟಲು ನಿಮಗೆ ಅಂತ ತೆಗೆದಿಡಿ. ಮನೆಯಲ್ಲಿ ಹೆಣ್ಣುಮಗಳಿದ್ದರೆ ಅವಳಿಗೂ ಒಂದು. ಒಳಗಿನ ಕಾಳು ಗಟ್ಟಿಯಾಗಿರಬೇಕಾದರೆ ಹೊರಗಿನ ಕಾವಲೂ ಗಟ್ಟಿಯಾಗಿರಬೇಕಲ್ಲವೇ? ಮನೆಗೆ ಕಾವಲಾಗಿರುವ ನೀವು ನಿಮ್ಮ ಮೈಯನ್ನೂ ಕಾಯ್ದುಕೊಳ್ಳಿ.